ಆನ್‌ಲೈನ್‌ನಲ್ಲಿ ಹಳೆಯ ನಾಣ್ಯ ಕೊಳ್ಳುವವರಿಗೆ: ಮರಳಿಸುವ ನಿಯಮ ಮೊದಲು, ನಾಣ್ಯ ಆಮೇಲೆ

ಆನ್‌ಲೈನ್‌ನಲ್ಲಿ ತರಿಸಿದ ಸೀರೆಯ ಬಣ್ಣ ಒಪ್ಪಿಗೆಯಾಗದಿದ್ದರೆ ಮಡಿಕೆ ಮುರಿಯದೆ, ಚೀಟಿ ಕೀಳದೆ ಮರಳಿಸಬಹುದು. ನಾಣ್ಯದ ವ್ಯವಹಾರದಲ್ಲಿ ಈ ಸಲೀಸು ಇಲ್ಲ. ತಾನು ಕಳಿಸಿದ ಒಳ್ಳೆಯ ನಾಣ್ಯವನ್ನು ಗಿರಾಕಿ ಇಟ್ಟುಕೊಂಡು, ತನ್ನ ಡಬ್ಬಿಯಲ್ಲಿದ್ದ ಸವೆದ ನಾಣ್ಯವನ್ನು ವಾಪಸು ಕಳಿಸಿಯಾನೆಂಬ ಭಯ ಮಾರುವವನಿಗೆ. ಫೋಟೊದಲ್ಲಿ ಕಂಡದ್ದು ಒಂದು, ಲಕೋಟೆಯಿಂದ ಉದುರುವುದು ಇನ್ನೊಂದು ಎಂಬ ಭಯ ಕೊಳ್ಳುವವನಿಗೆ. ಎರಡೂ ಸುಳ್ಳು ಭಯಗಳಲ್ಲ. ಇವುಗಳ ನಡುವೆ ಹುಟ್ಟಿರುವುದರಿಂದಲೇ ನಾಣ್ಯ ವ್ಯಾಪಾರಿಗಳ ವಾಪಸಾತಿ ನಿಯಮಗಳು ಇಷ್ಟು ಬಿಗಿ, ಅವಧಿ ಇಷ್ಟು ಕಡಿಮೆ.

ಹಣ ವಾಪಸು ಬರುವುದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ನಾಣ್ಯ ಕೈಸೇರಿದ ಮೇಲಲ್ಲ, ಹಣ ಕೊಡುವ ಮೊದಲೇ. ಮಾರುವವನು ನಾಣ್ಯದ ಬಗ್ಗೆ ಏನು ಬರೆದಿದ್ದಾನೆ, ಅದನ್ನು ನೀವು ಉಳಿಸಿಕೊಂಡಿದ್ದೀರಾ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಹಂತ 1: ವಿವರಣೆಯಲ್ಲಿ ಹೇಳಿರುವುದನ್ನೂ ಹೇಳದೆ ಬಿಟ್ಟಿರುವುದನ್ನೂ ಓದಿ

ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಯನ್ನು ನೋಡೋಣ. 1835ರಿಂದ 1939ರವರೆಗಿನ ರೂಪಾಯಿಯ ಅಧಿಕೃತ ತೂಕ 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ಶುದ್ಧ ನಿಕ್ಕಲ್. ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ಬಹಳ ವಿರಳ. ಆದ್ದರಿಂದಲೇ ಅದರ ನಕಲು ಹೆಚ್ಚು. ಬೇರೆ ವರ್ಷದ ರೂಪಾಯಿಯ ಅಂಕಿ ತಿದ್ದಿ ಮಾಡಿದವೂ ಇವೆ.

ಈಗ ಎರಡು ಜಾಹೀರಾತುಗಳನ್ನು ಊಹಿಸಿಕೊಳ್ಳಿ. ಮೊದಲನೆಯದು: ‘ಆರನೆಯ ಜಾರ್ಜ್, 1 ರೂಪಾಯಿ, 1939, ಬೆಳ್ಳಿ, ತೂಕ 11.64 ಗ್ರಾಂ, ಅಸಲಿ ಎಂದು ಖಾತರಿ’. ಎರಡನೆಯದು: ‘1939 ಅಪರೂಪದ ಹಳೆ ರೂಪಾಯಿ, ಫೋಟೊ ನೋಡಿ ಕೊಳ್ಳಿ, ಸಂಗ್ರಹಕ್ಕೆ ಮಾತ್ರ’. ಮೊದಲನೆಯವನು ಲೋಹ, ತೂಕ, ಅಸಲಿತನ ಮೂರಕ್ಕೂ ಬರಹದಲ್ಲಿ ಸಿಕ್ಕಿಬಿದ್ದಿದ್ದಾನೆ. ನಾಣ್ಯ ಹಿತ್ತಾಳೆಯದಾದರೆ ತಪ್ಪಿಸಿಕೊಳ್ಳುವ ದಾರಿ ಅವನಿಗಿಲ್ಲ. ಎರಡನೆಯವನು ಅದನ್ನು ಬೆಳ್ಳಿ ಎಂದೂ ಹೇಳಿಲ್ಲ, ಅಸಲಿ ಎಂದೂ ಹೇಳಿಲ್ಲ. ಬೆಲೆ ಅರ್ಧವಿದೆ ಎಂದು ಎರಡನೆಯವನತ್ತ ಕೈಚಾಚುವವರೇ ನಂತರ ಗೋಳಾಡುತ್ತಾರೆ.

ಕೆಲವು ಪದಗಳು ಕಂಡರೆ ಅಲ್ಲಿಯೇ ನಿಲ್ಲಿ: ‘ಟೋಕನ್’, ‘ರೆಪ್ಲಿಕಾ’, ‘ಫ್ಯಾನ್ಸಿ’, ‘ಶೋಪೀಸ್’, ‘ಲಕ್ಕಿ ಕಾಯಿನ್’, ‘ಪೂಜೆಗೆ’. ರಾಮ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರವಿರುವ, 1818 ಎಂಬ ಇಸವಿ ಹೊತ್ತ ಈಸ್ಟ್ ಇಂಡಿಯಾ ಕಂಪನಿಯ ‘ಒಂದು ಆಣೆ’ಗಳು ಇಂಥ ಹೆಸರಿನಲ್ಲಿ ಇಂದಿಗೂ ರಾಶಿ ರಾಶಿ ಬಿಕರಿಯಾಗುತ್ತಿವೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಅವೆಲ್ಲ ಬಹಳ ನಂತರ ಯಾರೋ ಅಚ್ಚು ಹಾಕಿದ ಬಿಲ್ಲೆಗಳು. ‘ಟೋಕನ್’ ಎಂದು ಬರೆದು ಮಾರಿದ್ದರೆ ಮಾರಾಟಗಾರ ಸುಳ್ಳು ಹೇಳಿಲ್ಲ, ನೀವು ಓದಿಕೊಳ್ಳಲಿಲ್ಲ ಎಂದಾಗುತ್ತದೆ.

ಮೈಸೂರಿನ ನಾಣ್ಯಗಳನ್ನು ಕೂಡಿಸುವವರಿಗೆ ಇನ್ನೊಂದು ಮಾತು. ಟಿಪ್ಪುವಿನ ಆನೆ ಪೈಸೆಯ ಬೆಲೆ ಟಂಕಸಾಲೆಯ ಮೇಲೂ ವರ್ಷದ ಮೇಲೂ ನಿಂತಿದೆ. ಪಟ್ಟಣ ಎಂದು ಬರೆದಿರುವ ಶ್ರೀರಂಗಪಟ್ಟಣದ ಪೈಸೆ ಸುಲಭವಾಗಿ ಸಿಗುತ್ತದೆ. ಫರ್ರುಖ್‌ಯಾಬ್ ಹಿಸಾರ್ ಎಂದು ಬರೆದಿರುವ ಚಿತ್ರದುರ್ಗದ ಟಂಕಸಾಲೆಯದು ಅಷ್ಟು ಸುಲಭವಲ್ಲ. ಬರಹ ಪರ್ಸಿಯನ್ ಲಿಪಿಯಲ್ಲಿರುವುದರಿಂದ ಎಷ್ಟೋ ಮಂದಿ ಮಾರುವವರೇ ಅದನ್ನು ಓದಲಾರರು, ‘ಟಿಪ್ಪು ಆನೆ ನಾಣ್ಯ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ. ಟಂಕಸಾಲೆಗಾಗಿ ಹೆಚ್ಚಿನ ಬೆಲೆ ಕೊಡುತ್ತಿದ್ದರೆ ‘ಇದು ಯಾವ ಟಂಕಸಾಲೆಯದು, ದಯವಿಟ್ಟು ಖಚಿತಪಡಿಸಿ’ ಎಂದು ಸಂದೇಶ ಕಳಿಸಿ, ಉತ್ತರ ಬರಹದಲ್ಲಿ ಬಂದ ಮೇಲೆಯೇ ಕೊಳ್ಳಿ. ಆ ಉತ್ತರವೂ ವಿವರಣೆಯ ಭಾಗವಾಗುತ್ತದೆ. ಕಂಠೀರವ ಹಣದಂಥ, ಅರ್ಧ ಗ್ರಾಂ ಕೂಡ ತೂಗದ ಚಿನ್ನದ ನಾಣ್ಯಕ್ಕೂ, ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಹಕ್ಕೂ ತೂಕವನ್ನು ಬರಹದಲ್ಲಿ ಕೇಳದೆ ಹಣ ಕಳಿಸಲೇಬೇಡಿ.

ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಪರೀಕ್ಷೆ ಇನ್ನೂ ಸುಲಭ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ವಜ್ರಾಕೃತಿಯಿದ್ದರೆ ಮುಂಬಯಿ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಹೈದರಾಬಾದ್ ಎಂದು ಬರೆದು ನೋಯ್ಡಾದ ನಾಣ್ಯ ಕಳಿಸಿದರೆ ಅದು ವಿವರಣೆಗೆ ವಿರುದ್ಧ. ವಾದಕ್ಕೆ ಅಲ್ಲಿ ಜಾಗವೇ ಇಲ್ಲ.

ಜಾಹೀರಾತಿನ ಪುಟ, ನಾಣ್ಯದ ಎರಡೂ ಮುಖದ ಫೋಟೊ, ವಾಪಸಾತಿ ನಿಯಮದ ಪುಟ, ಸಂದೇಶಗಳು ಇಷ್ಟರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಾರಾಟವಾದ ಮೇಲೆ ಪುಟ ಮಾಯವಾಗುವುದು, ವಿವರಣೆ ಬದಲಾಗುವುದು ಹೊಸದೇನಲ್ಲ.

ಹಂತ 2: ವಾಪಸಾತಿ ನಿಯಮದಲ್ಲಿ ಮೂರು ಕಾರಣಗಳನ್ನು ಬೇರೆ ಬೇರೆ ಹುಡುಕಿ

ನಾಣ್ಯ ಮರಳಿಸುವ ಕಾರಣಗಳು ಮೂರು ಬಗೆ. ನಾಣ್ಯ ನಕಲಿ; ನಾಣ್ಯ ಅಸಲಿ, ಆದರೆ ಹೇಳಿದ ಸ್ಥಿತಿಯಲ್ಲಿಲ್ಲ; ಎಲ್ಲ ಸರಿ, ಆದರೆ ನನಗೆ ಬೇಡ. ಒಳ್ಳೆಯ ವ್ಯಾಪಾರಿಯ ನಿಯಮ ಈ ಮೂರಕ್ಕೂ ಬೇರೆ ಬೇರೆ ಉತ್ತರ ಕೊಡುತ್ತದೆ. ‘ವಾಪಸಾತಿ ಇಲ್ಲ’ ಎಂಬ ಎರಡೇ ಪದದ ನಿಯಮವಿದ್ದರೆ, ‘ನಕಲಿ ಎಂದು ಸಾಬೀತಾದರೂ ಇಲ್ಲವೇ?’ ಎಂದು ಕೇಳಿ. ಉತ್ತರ ಬರದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ನಕಲಿಯ ವಿಷಯದಲ್ಲಿ ಕೇಳಬೇಕಾದದ್ದು: ಖಾತರಿ ಎಷ್ಟು ಕಾಲ? ಹೆಸರು ಉಳಿಸಿಕೊಳ್ಳಬೇಕೆನ್ನುವ ವ್ಯಾಪಾರಿಗಳು ಅಸಲಿತನಕ್ಕೆ ಕಾಲಮಿತಿ ಹಾಕುವುದಿಲ್ಲ. ನಕಲಿ ಎಂದು ಯಾರು ಹೇಳಿದರೆ ಒಪ್ಪುತ್ತಾರೆ ಎಂಬುದೂ ಮುಖ್ಯ. ನಿಮ್ಮ ಪರಿಚಯದ ಹಿರಿಯ ಸಂಗ್ರಹಕಾರರ ಮಾತು ನಿಮಗೆ ವೇದವಾಗಿರಬಹುದು, ಮಾರುವವನಿಗೆ ಅಲ್ಲ.

ಸ್ಥಿತಿಯ ಜಗಳವೇ ಎಲ್ಲಕ್ಕಿಂತ ಕಠಿಣ. ನಾಣ್ಯದ ಸ್ಥಿತಿಗೆ ದರ್ಜೆ ಕೊಡುವ ಶೆಲ್ಡನ್ ಮಾಪಕದಲ್ಲಿ 1ರಿಂದ 70ರವರೆಗೆ ಅಂಕಗಳಿವೆ. ಆದರೆ ಒಬ್ಬನ ‘ಯುಎನ್‌ಸಿ’ (ಚಲಾವಣೆಗೇ ಬಾರದ್ದು) ಇನ್ನೊಬ್ಬನಿಗೆ ‘ಎಕ್ಸ್‌ಎಫ್’ (ಚೂರು ಸವೆದದ್ದು) ಆಗಿ ಕಾಣುತ್ತದೆ. ಮಾರುವವನೇ ಕೊಟ್ಟ ದರ್ಜೆ ಅವನ ಅಭಿಪ್ರಾಯವಷ್ಟೇ, ಅದರ ಮೇಲೆ ಹಣ ವಾಪಸು ಕೇಳಿದರೆ ವಾದ ಮುಗಿಯುವುದಿಲ್ಲ. ಆದ್ದರಿಂದ ದರ್ಜೆಯ ಹೆಸರಿಗಿಂತ ಕಣ್ಣಿಗೆ ಕಾಣುವ ದೋಷಗಳನ್ನು ಕೇಳಿ: ಉಜ್ಜಿ ಹೊಳಪು ಕೊಟ್ಟದ್ದೇ? ಕೊಕ್ಕೆ ಬೆಸೆದು ತೆಗೆದ ಗುರುತು ಇದೆಯೇ? ಅಂಚನ್ನು ಅರದಿಂದ ಉಜ್ಜಿದ್ದಾರೆಯೇ? ತೂತು ಮುಚ್ಚಿದೆಯೇ? ನಮ್ಮ ಕಡೆ ಬೆಳ್ಳಿ ರೂಪಾಯಿಯನ್ನು ಸರಕ್ಕೆ ಪೋಣಿಸುವ ರೂಢಿ ಇದ್ದುದರಿಂದ ಕೊಕ್ಕೆ ತೆಗೆದ ನಾಣ್ಯಗಳು ತುಂಬ ಇವೆ. ಫೋಟೊವನ್ನು ಚೂರು ಓರೆಯಾಗಿ ತೆಗೆದರೆ ಆ ಗುರುತು ಕಾಣುವುದಿಲ್ಲ. ‘ಇಲ್ಲ’ ಎಂದು ಅವನು ಬರೆದು, ಬಂದ ನಾಣ್ಯದಲ್ಲಿ ಬೆಸುಗೆ ಕಂಡರೆ ಆಗ ನಿಮ್ಮ ಕೈ ಮೇಲು.

ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳ ಸ್ಲ್ಯಾಬ್‌ನಲ್ಲಿ, ಅಂದರೆ ಮೊಹರು ಮಾಡಿದ ಪ್ಲಾಸ್ಟಿಕ್ ಕವಚದಲ್ಲಿ, ಇರುವ ನಾಣ್ಯಕ್ಕೆ ಬಹುತೇಕ ವ್ಯಾಪಾರಿಗಳು ದರ್ಜೆಯ ಕಾರಣಕ್ಕೆ ವಾಪಸಾತಿ ಕೊಡುವುದಿಲ್ಲ. ಅದು ನ್ಯಾಯವೇ. ಆದರೆ ಸ್ಲ್ಯಾಬ್‌ಗಳಿಗೂ ನಕಲಿ ಬಂದಿದೆ. ಮೇಲಿರುವ ಪ್ರಮಾಣಪತ್ರದ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಫೋಟೊ ಇದ್ದರೆ ಹೋಲಿಸಿ ನೋಡಿ. ಇದನ್ನು ಕೊಳ್ಳುವ ಮೊದಲೇ ಮಾಡಬಹುದು, ಖರ್ಚೂ ಇಲ್ಲ. ಸ್ಲ್ಯಾಬ್ ಒಡೆದರೆ ಮಾತ್ರ ಮರಳಿಸುವ ಮಾತು ಅಲ್ಲಿಗೇ ಮುಗಿಯಿತು.

‘ನನಗೆ ಬೇಡ’ ಎಂಬ ಕಾರಣಕ್ಕೆ ಭಾರತದ ಕಾನೂನು ಹಕ್ಕು ಕೊಟ್ಟಿಲ್ಲ. ಅದು ಪೂರ್ತಿ ಮಾರುವವನ ಮರ್ಜಿ. ಅವಧಿಯನ್ನು ಎಣಿಸುವುದು ಕಳಿಸಿದ ದಿನದಿಂದಲೋ ತಲುಪಿದ ದಿನದಿಂದಲೋ, ಸಾಗಣೆ ಖರ್ಚು ಯಾರದು, ರೀಫಂಡ್ ಹಣದ ರೂಪದಲ್ಲೋ ಅಂಗಡಿಯ ಕ್ರೆಡಿಟ್ ರೂಪದಲ್ಲೋ ಎಂದು ನೋಡಿಕೊಳ್ಳಿ. ಟಂಕಸಾಲೆಯು ಸಂಗ್ರಹಕಾರರಿಗೆಂದೇ ವಿಶೇಷ ಹೊಳಪಿನಲ್ಲಿ ಅಚ್ಚು ಹಾಕುವ ಸ್ಮರಣಾರ್ಥ ಪ್ರೂಫ್ ನಾಣ್ಯಗಳಲ್ಲಿ ಮೊಹರು ಒಡೆದರೆ, ಬೆರಳಚ್ಚು ಬಿದ್ದರೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಹರಾಜಿನಲ್ಲಿ ನಿಯಮ ಇನ್ನೂ ಬಿಗಿ: ‘ಇದ್ದುದು ಇದ್ದಂತೆ’ ಮಾರಾಟ, ಹಲವು ನಾಣ್ಯಗಳ ಲಾಟ್‌ಗೆ ವಾಪಸಾತಿಯೇ ಇಲ್ಲ ಎಂಬ ಷರತ್ತುಗಳು ಅಲ್ಲಿ ಸಾಮಾನ್ಯ.

ಹಂತ 3: ಮಾರುವವನು ಯಾರು, ಹಣ ಹೋಗುವುದು ಎಲ್ಲಿಗೆ

ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು 2020ರ ಜುಲೈನಲ್ಲಿ ಜಾರಿಗೆ ಬಂದವು. ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದಿದ್ದರೆ ವಾಪಸು ತೆಗೆದುಕೊಳ್ಳಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು ಅವು ಹೇಳುತ್ತವೆ. ಅಂದರೆ ‘ವಾಪಸಾತಿ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ನಕಲಿ ನಾಣ್ಯಕ್ಕೆ ಅದು ಗುರಾಣಿಯಾಗುವುದಿಲ್ಲ. ಆದರೆ ಈ ನಿಯಮಗಳು ವ್ಯಾಪಾರವಾಗಿ ಮಾರುವವರಿಗೆ ಅನ್ವಯಿಸುತ್ತವೆ. ತನ್ನ ಸಂಗ್ರಹದ ನಾಲ್ಕು ನಾಣ್ಯವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖಾಸಗಿಯಾಗಿ ಮಾರಿದವನಿಗೆ ಅಲ್ಲ. ಹೆಸರು, ವಿಳಾಸ, ದೂರವಾಣಿ, ಬಿಲ್ಲು ಇವು ಇಲ್ಲದ ಕಡೆ ಕಾನೂನಿನ ಮಾತು ಬರೀ ಬಾಯಿಮಾತು.

ಹಣ ಕೊಡುವ ದಾರಿಯೂ ಅಷ್ಟೇ ಮುಖ್ಯ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ವಿವಾದ ಎತ್ತಬಹುದು. ಅಪರಿಚಿತನ ಯುಪಿಐಗೆ ಹಾಕಿದ ಹಣವನ್ನು ನಾಣ್ಯ ಸರಿಯಿಲ್ಲವೆಂದು ಹಿಂದಕ್ಕೆಳೆಯಲು ದಾರಿಯಿಲ್ಲವೆಂದೇ ತಿಳಿಯಿರಿ. ‘ಮುಂಗಡ ಕಳಿಸಿ, ರಿಸರ್ವ್ ಬ್ಯಾಂಕಿನ ಅನುಮತಿ ಶುಲ್ಕ ಕಟ್ಟಿ’ ಎನ್ನುವವನಂತೂ ನಾಣ್ಯ ವ್ಯಾಪಾರಿಯೇ ಅಲ್ಲ. ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಸಾರ್ವಜನಿಕ ಎಚ್ಚರಿಕೆ ಕೊಟ್ಟಿದೆ. ಅಂಥವನಿಗೆ ಹಣ ಹೋಗಿದ್ದರೆ ವಾಪಸಾತಿ ನಿಯಮ ಹುಡುಕುತ್ತ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 4: ಪೊಟ್ಟಣ ಬಂದ ದಿನ

ಪೊಟ್ಟಣ ಒಡೆಯುವ ಮುನ್ನವೇ ಮೊಬೈಲ್ ಕ್ಯಾಮೆರಾ ಆನ್ ಆಗಲಿ. ವಿಳಾಸದ ಚೀಟಿ, ಅಂಟಿಸಿದ ಟೇಪು, ಕತ್ತರಿಸುವುದು, ನಾಣ್ಯ ಹೊರಬರುವುದು, ತಕ್ಕಡಿಯ ಮೇಲೆ ಕೂರುವುದು, ಎರಡೂ ಮುಖ, ಅಂಚು, ಇಷ್ಟೂ ಒಂದೇ ವಿಡಿಯೊದಲ್ಲಿ, ನಡುವೆ ನಿಲ್ಲಿಸದೆ ಇರಬೇಕು. ನಾಣ್ಯ ಬದಲಾಯಿತೆಂಬ ಮಾರುವವನ ಅನುಮಾನಕ್ಕೆ ಇದೊಂದೇ ಗಟ್ಟಿ ಉತ್ತರ. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಹೆಚ್ಚು ಬೆಲೆಯದ್ದಲ್ಲ, ಒಂದು ಇಟ್ಟುಕೊಳ್ಳಿ.

ತೂಕದ ನಂತರ ಅಂಚು ನೋಡಿ. ಎರಕ ಹೊಯ್ದ ನಕಲಿಯಲ್ಲಿ ಎರಡು ಅರ್ಧ ಕೂಡಿದ ಗೆರೆ ಅಂಚಿನ ಸುತ್ತ ಕಾಣುವುದುಂಟು; ಮೈಮೇಲೆ ಸಣ್ಣ ಗುಳ್ಳೆಯ ಗುಳಿಗಳಿರುತ್ತವೆ, ಅಕ್ಷರದ ಮೂಲೆಗಳು ಮೊಂಡಾಗಿರುತ್ತವೆ. ಅಯಸ್ಕಾಂತ ಹಿಡಿದು ನೋಡಿ: ಬೆಳ್ಳಿ, ತಾಮ್ರ, ಚಿನ್ನ ಅಂಟುವುದಿಲ್ಲ. ಆದರೆ 1947ರ ಹುಲಿ ರೂಪಾಯಿ ಅಂಟಲೇಬೇಕು, ಅಂಟದಿದ್ದರೆ ಅನುಮಾನ! ಇದು ತಿಳಿಯದೆ ಅಸಲಿ ನಿಕ್ಕಲ್ ರೂಪಾಯಿಯನ್ನು ‘ಕಬ್ಬಿಣ ಕಳಿಸಿದ್ದೀರಿ’ ಎಂದು ಮರಳಿಸುವವರಿದ್ದಾರೆ, ವ್ಯಾಪಾರಿಗಳು ನಗುತ್ತಾರೆ.

ನಾಣ್ಯವನ್ನು ಅಂಚು ಹಿಡಿದೇ ಎತ್ತಿ. ಹುಣಸೆಹಣ್ಣು, ಹಲ್ಲುಪುಡಿ, ವಿಭೂತಿ ಹಾಕಿ ‘ಒಂಚೂರು ತಿಕ್ಕಿ ನೋಡುವ’ ಆಸೆ ಬೇಡ. ತಿಕ್ಕಿದ ನಾಣ್ಯ ಆ ಕ್ಷಣದಿಂದ ನಿಮ್ಮದೇ. ಅಕ್ಕಸಾಲಿಗನ ಹತ್ತಿರ ಒಯ್ದು ಒರೆಗೆ ಹಚ್ಚಿಸುವುದೂ ಅಷ್ಟೇ ಕೆಟ್ಟದ್ದು; ಲೋಹದ ಪರೀಕ್ಷೆ ಬೇಕೇ ಬೇಕೆಂದರೆ ಗೀರು ಬೀಳದಂತೆ ಕ್ಷ-ಕಿರಣದಿಂದ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರವಿರುವ ಆಭರಣದಂಗಡಿಯಲ್ಲಿ ಮಾಡಿಸಿ, ಚೀಟಿ ಪಡೆಯಿರಿ. ಪೊಟ್ಟಣದ ಕವರು, ಹೋಲ್ಡರ್, ಬಿಲ್ಲು ಎಲ್ಲವನ್ನೂ ಹಾಗೆಯೇ ಇಡಿ.

ಹಂತ 5: ದೂರು ಬರಹದಲ್ಲಿ, ಅವಧಿಯೊಳಗೆ, ಅಬ್ಬರವಿಲ್ಲದೆ

ಫೋನಿನಲ್ಲಿ ಜಗಳವಾಡಿದರೆ ದಾಖಲೆ ಉಳಿಯುವುದಿಲ್ಲ. ಇಮೇಲ್ ಅಥವಾ ಮಾರುಕಟ್ಟೆ ತಾಣದ ಸಂದೇಶದಲ್ಲಿಯೇ ಬರೆಯಿರಿ. ಹೀಗಿರಲಿ:

‘ನಮಸ್ಕಾರ. ನಿಮ್ಮಿಂದ ಕೊಂಡ 1939ರ ಒಂದು ರೂಪಾಯಿ (ಆರ್ಡರ್ ಸಂಖ್ಯೆ ಇಂಥದ್ದು) ಇಂದು ತಲುಪಿತು. ವಿವರಣೆಯಲ್ಲಿ ಬೆಳ್ಳಿ, ತೂಕ 11.64 ಗ್ರಾಂ ಎಂದಿದೆ. ಬಂದ ನಾಣ್ಯ 10.2 ಗ್ರಾಂ ಇದೆ, ಅಂಚಿನಲ್ಲಿ ಕೂಡುಗೆರೆ ಇದೆ. ಪೊಟ್ಟಣ ಒಡೆದ ವಿಡಿಯೊ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇನೆ. ನಾಣ್ಯ ವಿವರಣೆಗೆ ಹೊಂದುವುದಿಲ್ಲವಾದ್ದರಿಂದ ಸಾಗಣೆ ವೆಚ್ಚ ಸಹಿತ ಪೂರ್ತಿ ಹಣ ಮರಳಿಸಬೇಕೆಂದು ಕೋರುತ್ತೇನೆ. ಮರಳಿಸುವ ವಿಳಾಸ ಮತ್ತು ವಿಧಾನವನ್ನು ತಿಳಿಸಿ.’

ಇಷ್ಟು ಸಾಕು. ‘ನೀವು ಕಳ್ಳರು’ ಎಂಬ ಸಾಲು ಸೇರಿಸಿದರೆ ಪ್ರಾಮಾಣಿಕ ವ್ಯಾಪಾರಿಯೂ ಬಿಗಿಯಾಗುತ್ತಾನೆ. ಎಷ್ಟೋ ಸಲ ಅವನೂ ಇನ್ನೊಬ್ಬನಿಂದ ಕೊಂಡು ಮೋಸಹೋದವನೇ ಆಗಿರುತ್ತಾನೆ. ‘ಇದನ್ನು ಲಾಭಕ್ಕೆ ಮಾರಲೆಂದು ಕೊಂಡಿದ್ದೆ’ ಎಂದೂ ಬರೆಯಬೇಡಿ. ಮರುಮಾರಾಟಕ್ಕೆ ಕೊಂಡವನು ಗ್ರಾಹಕ ಕಾನೂನಿನ ಕಣ್ಣಿನಲ್ಲಿ ಗ್ರಾಹಕನೇ ಅಲ್ಲ.

ಹಂತ 6: ವಾಪಸು ಕಳಿಸುವುದು

ಒಪ್ಪಿಗೆ ಬರಹದಲ್ಲಿ ಬಾರದೆ ನಾಣ್ಯ ಕಳಿಸಬೇಡಿ. ಅನೇಕ ಖಾಸಗಿ ಕೊರಿಯರ್ ಸಂಸ್ಥೆಗಳ ಷರತ್ತುಗಳಲ್ಲಿ ನಾಣ್ಯ, ಚಿನ್ನ ಬೆಳ್ಳಿ, ಪುರಾತನ ವಸ್ತುಗಳು ನಿಷಿದ್ಧ ಪಟ್ಟಿಯಲ್ಲಿವೆ. ‘ಪುಸ್ತಕ’ ಎಂದು ಸುಳ್ಳು ಬರೆಸಿ ಕಳಿಸಿದ ನಾಣ್ಯ ಕಳೆದರೆ ಒಂದು ಪೈಸೆಯೂ ಸಿಗುವುದಿಲ್ಲ. ಬೆಲೆಬಾಳುವ ನಾಣ್ಯವಾದರೆ ಅಂಚೆ ಕಚೇರಿಯಲ್ಲಿ ವಿಮೆ ಮಾಡಿಸಿ ಕಳಿಸುವುದು ಲೇಸು. ನಾಣ್ಯ ಅಲುಗಾಡದಂತೆ ಎರಡು ರಟ್ಟಿನ ತುಂಡುಗಳ ನಡುವೆ ಅಂಟಿಸಿ, ಹೊರಗೆ ‘ನಾಣ್ಯ’ ಎಂದು ಬರೆಯಬೇಡಿ. ಪ್ಯಾಕ್ ಮಾಡುವ ವಿಡಿಯೊ, ರಸೀದಿ ಎರಡೂ ಇರಲಿ.

ಹಂತ 7: ವಿದೇಶದಿಂದ ಕೊಂಡಿದ್ದರೆ

ಇಲ್ಲಿ ಬಹಳ ಜನ ಅರಿಯದ ಒಂದು ಬಲೆ ಇದೆ. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯ ಪುರಾವಸ್ತು. ಖಾಸಗಿ ವ್ಯಕ್ತಿ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಲಂಡನ್ನಿನ ವ್ಯಾಪಾರಿಯಿಂದ ಟಿಪ್ಪುವಿನ ಪೈಸೆಯನ್ನು ತರಿಸಿಕೊಂಡು, ಒಪ್ಪಿಗೆಯಾಗಲಿಲ್ಲವೆಂದು ಅಂಚೆಯಲ್ಲಿ ಹಿಂದಕ್ಕೆ ಕಳಿಸಲು ಹೊರಟರೆ ನೀವು ಪುರಾವಸ್ತು ರಫ್ತಿನ ಆರೋಪಕ್ಕೆ ಗುರಿಯಾಗಬಹುದು. ಅವನ ವಾಪಸಾತಿ ನಿಯಮ ಎಷ್ಟೇ ಉದಾರವಾಗಿದ್ದರೂ ನಿಮಗೆ ಪ್ರಯೋಜನವಿಲ್ಲ. ಹಾಗಾಗಿ ಅಂಥ ನಾಣ್ಯವನ್ನು ‘ಮರಳಿಸಲಾರೆ’ ಎಂದೇ ಲೆಕ್ಕ ಹಾಕಿ ಕೊಳ್ಳಿ. ಅನುಮಾನಕ್ಕೆ ಎಡೆಯಿದ್ದರೆ ಕೊಳ್ಳಲೇಬೇಡಿ. ಕಟ್ಟಿದ ಆಮದು ಸುಂಕವನ್ನು ಮಾರುವವನು ತುಂಬಿಕೊಡುವುದಿಲ್ಲ ಎಂಬುದು ಬೇರೆ.

ವಿದೇಶಿ ಮಾರುಕಟ್ಟೆ ತಾಣ ಇಬೇಯಲ್ಲಿ (eBay) ಕೊಂಡರೆ ಅದರ ಹಣ ವಾಪಸು ಖಾತರಿಗೆ ಸಾಮಾನ್ಯವಾಗಿ 30 ದಿನಗಳ ಅವಧಿಯಿದೆ. ವಿವರಣೆಗೆ ಹೊಂದದ ವಸ್ತುವಿಗೆ ಮಾರಾಟಗಾರ ‘ವಾಪಸಾತಿ ಇಲ್ಲ’ ಎಂದಿದ್ದರೂ ಅದು ಅನ್ವಯಿಸುತ್ತದೆ. ಆದರೆ ಹಣ ಬರಲು ಸಾಮಾನ್ಯವಾಗಿ ವಸ್ತುವನ್ನು ಹಿಂದಕ್ಕೆ ಕಳಿಸಬೇಕು, ಅಲ್ಲಿ ಮತ್ತೆ ಅದೇ ಬಲೆ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಈ ತೊಡಕಿಲ್ಲ. ಅಲ್ಲಿನ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ತಲುಪಿದ 14 ದಿನಗಳೊಳಗೆ ಕಾರಣ ಹೇಳದೆಯೇ ರದ್ದು ಮಾಡುವ ಹಕ್ಕು ಅಲ್ಲಿನ 2013ರ ಗ್ರಾಹಕ ನಿಯಮಗಳಲ್ಲಿದೆ. ಚಿನ್ನದ ಮಾರುಕಟ್ಟೆ ದರದ ಮೇಲೆ ಬೆಲೆ ಏರಿಳಿಯುವ ನಾಣ್ಯಗಳಿಗೂ ಖಾಸಗಿ ವ್ಯಕ್ತಿಗಳ ಮಾರಾಟಕ್ಕೂ ಆ ಹಕ್ಕಿಲ್ಲ.

ಹಂತ 8: ಮಾರುವವನು ಒಪ್ಪದಿದ್ದರೆ

ಮೊದಲು ಮಾರುಕಟ್ಟೆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಗಳಲ್ಲಿ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದು ನಿಯಮವಿದೆ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲಿಯೇ ಮಾತನಾಡಬಹುದು. ಇದು ತೀರ್ಪು ಕೊಡುವ ಸಂಸ್ಥೆಯಲ್ಲ, ಆದರೂ ಹೆಸರುಳ್ಳ ತಾಣಗಳು ಇಲ್ಲಿಂದ ಬಂದ ದೂರಿಗೆ ಬೇಗ ಓಗೊಡುತ್ತವೆ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ 30 ದಿನಗಳಲ್ಲಿ ವಾಪಸು ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಮಾರುವವನು ಮುಂಬಯಿಯಲ್ಲಿರಲಿ, ಜೈಪುರದಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಐನೂರು ರೂಪಾಯಿಯ ನಾಣ್ಯಕ್ಕೆ ಇಷ್ಟು ಅಲೆದಾಟ ಬೇಕೇ ಎಂಬುದು ನಿಮ್ಮ ಲೆಕ್ಕಾಚಾರ. ನನ್ನ ಮಟ್ಟಿಗೆ, 1915ಕ್ಕೆ ಒಂದು ಕರೆ ಮಾಡಿ ಅಲ್ಲಿಗೆ ಬಿಡಬಹುದು. ಐವತ್ತು ಸಾವಿರದ ವರಹ ಹಿತ್ತಾಳೆಯಾಗಿ ಬಂದಿದ್ದರೆ ಬಿಡಬಾರದು. ಆಯೋಗದ ಮುಂದೆ ಇಡಬೇಕಾದ ಕಾಗದಗಳು ಮೊದಲ ಹಂತದಲ್ಲಿ ತೆಗೆದಿಟ್ಟ ಸ್ಕ್ರೀನ್‌ಶಾಟ್, ಬಿಲ್ಲು, ಹಣ ಪಾವತಿಯ ದಾಖಲೆ, ವಿಡಿಯೊ, ಪತ್ರವ್ಯವಹಾರ, ಸಾಧ್ಯವಾದರೆ ಲೋಹ ಪರೀಕ್ಷೆಯ ಚೀಟಿ. ನಾಣ್ಯವನ್ನು ಮಾತ್ರ ತೀರ್ಮಾನವಾಗುವವರೆಗೆ ಯಾರಿಗೂ ಮಾರಬೇಡಿ, ಕೊಡಬೇಡಿ.